ಎರಡು ‘ಮತ’ಗಳ ನಡುವೆ: ಧರ್ಮ-ರಾಜಕಾರಣದ ಸಂಶೋಧಕರಿಗೆ ಆರ್ಡಾ ದತ್ತಾಂಶ ಸೇವೆ

ಕನ್ನಡದಲ್ಲಿ ‘ಮತ’ ಎಂಬ ಒಂದೇ ಪದ ಮನುಷ್ಯನ ನಂಬಿಕೆಯನ್ನೂ ಹೇಳುತ್ತದೆ, ಅವನು ಪೆಟ್ಟಿಗೆಗೆ ಹಾಕುವ ಚೀಟಿಯನ್ನೂ ಹೇಳುತ್ತದೆ. ಈ ಎರಡು ಮತಗಳ ನಡುವೆ ಇರುವ ನಂಟು ಎಷ್ಟು ಗಟ್ಟಿ, ಅದು ಯಾವ ದಿಕ್ಕಿಗೆ ಎಳೆಯುತ್ತದೆ, ಕಾಲ ಕಳೆದಂತೆ ಹೇಗೆ ಬದಲಾಗುತ್ತದೆ ಎಂದು ಅಳೆದು ನೋಡುವುದೇ ಧರ್ಮ ಮತ್ತು ರಾಜಕಾರಣವನ್ನು ವಿಷಯವಾಗಿ ಆರಿಸಿಕೊಂಡ ರಾಜ್ಯಶಾಸ್ತ್ರಜ್ಞರ ಜೀವಮಾನದ ಕೆಲಸ. ಅಳೆಯಬೇಕಾದರೆ ದತ್ತಾಂಶ ಬೇಕು, ಆ ದತ್ತಾಂಶ ನಂಬುವಂತಿರಬೇಕು, ಬೇಕೆಂದಾಗ ಕೈಗೆ ಸಿಗುವಂತಿರಬೇಕು. ಸಂಶೋಧನಾ ವಿದ್ಯಾರ್ಥಿಯಾಗಿದ್ದ ದಿನಗಳಿಂದ ಹಿಡಿದು ಪಾಠ ಹೇಳುತ್ತಿರುವ ಇಂದಿನವರೆಗೆ ನಾನು ಬಿಡದೆ ಬಳಸುತ್ತ ಬಂದಿರುವ ‘ಅಸೋಸಿಯೇಷನ್ ಆಫ್ ರಿಲಿಜನ್ ಡೇಟಾ ಆರ್ಕೈವ್ಸ್’ ಎಂಬ ಉಚಿತ ಸೇವೆಯನ್ನು, ಬಳಕೆದಾರರು ಕರೆಯುವಂತೆ ‘ಆರ್ಡಾ’ವನ್ನು, ಈ ವಿಷಯದಲ್ಲಿ ವೃತ್ತಿ ಕಟ್ಟಿಕೊಳ್ಳಲು ಹೊರಟವರ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಿದ್ದೇನೆ.

ಇದು 1997ರಲ್ಲಿ ಅಮೆರಿಕದಲ್ಲಿ ಸಮಾಜಶಾಸ್ತ್ರಜ್ಞ ರೋಜರ್ ಫಿಂಕಿ ಅವರ ನೇತೃತ್ವದಲ್ಲಿ ಆರಂಭವಾದ ಭಂಡಾರ. ಮೊದಲು ಅದರ ಹೆಸರಿನಲ್ಲಿ ‘ಅಮೆರಿಕನ್’ ಎಂಬ ಮಾತಿತ್ತು, ಅಮೆರಿಕದ ಧಾರ್ಮಿಕ ಜೀವನದ ಸಮೀಕ್ಷೆಗಳನ್ನಷ್ಟೇ ಒಂದೆಡೆ ಕೂಡಿಡುವುದು ಅದರ ಗುರಿಯಾಗಿತ್ತು. ಬೇರೆ ಬೇರೆ ದೇಶಗಳ ದತ್ತಾಂಶ ಸೇರುತ್ತ ಹೋದಂತೆ ಹೆಸರೂ ಬದಲಾಯಿತು. ಲಿಲಿ ಎಂಡೋಮೆಂಟ್ ಮತ್ತು ಜಾನ್ ಟೆಂಪಲ್ಟನ್ ಫೌಂಡೇಷನ್‌ಗಳ ನೆರವಿನಿಂದ ನಡೆದುಬಂದಿರುವ ಈ ಸೇವೆಗೆ ಬಳಕೆದಾರರು ಶುಲ್ಕ ಕೊಡಬೇಕಿಲ್ಲ. ದೊಡ್ಡ ವಿಶ್ವವಿದ್ಯಾಲಯದ ಚಂದಾದಾರಿಕೆಯ ನೆರಳಿಲ್ಲದ ಸಂಶೋಧಕರಿಗೆ ಇದು ಎಷ್ಟು ದೊಡ್ಡ ಆಸರೆ ಎಂಬುದು ಅಂಥ ನೆರಳಿಲ್ಲದೆ ಕೆಲಸ ಮಾಡಿದವರಿಗೇ ಗೊತ್ತು. ಹಿಂದೊಮ್ಮೆ ಬೇರೊಂದು ಸಂಸ್ಥೆಯ ಸಮೀಕ್ಷೆಯೊಂದರ ಮೂಲ ಕಡತಕ್ಕಾಗಿ ನಾನು ಅರ್ಜಿ ಹಾಕಿ, ನೆನಪಿನ ಪತ್ರಗಳನ್ನು ಬರೆದು, ತಿಂಗಳುಗಟ್ಟಲೆ ಕಾದು, ಕೊನೆಗೆ ಅದಿಲ್ಲದೆಯೇ ಅಧ್ಯಾಯವನ್ನು ಮುಗಿಸಬೇಕಾಯಿತು. ಆ ಅಧ್ಯಾಯದ ಕೊರತೆ ಇವತ್ತಿಗೂ ನನ್ನನ್ನು ಕಾಡುತ್ತದೆ.

ಇಂಥದೊಂದು ಭಂಡಾರ ಏಕೆ ಬೇಕಾಯಿತು ಎಂಬುದಕ್ಕೆ ಎರಡು ಕಾರಣಗಳಿವೆ. ಒಂದು, ರಾಜ್ಯಶಾಸ್ತ್ರ ಬಹಳ ಕಾಲ ಧರ್ಮವನ್ನು ಪಕ್ಕಕ್ಕೆ ಸರಿಸಿತ್ತು. ಸಮಾಜ ಆಧುನಿಕವಾದಂತೆ ಧರ್ಮ ತಾನಾಗಿ ಹಿಂದೆ ಸರಿಯುತ್ತದೆ ಎಂಬ ಸಿದ್ಧಾಂತ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಎಷ್ಟು ಬಲವಾಗಿತ್ತೆಂದರೆ, ಹಿಂದೆ ಸರಿಯಲಿರುವುದನ್ನು ಅಳೆಯುವ ಅಗತ್ಯವೇ ಹೆಚ್ಚಿನವರಿಗೆ ಕಾಣಲಿಲ್ಲ. 1979ರಲ್ಲಿ ಇರಾನಿನ ಕ್ರಾಂತಿಯೂ ಅಮೆರಿಕದಲ್ಲಿ ‘ಮೋರಲ್ ಮೆಜಾರಿಟಿ’ ಎಂಬ ಸಂಪ್ರದಾಯವಾದಿ ಕ್ರೈಸ್ತರ ರಾಜಕೀಯ ಸಂಘಟನೆಯೂ ಒಂದೇ ವರ್ಷ ಕಾಣಿಸಿಕೊಂಡಾಗ ಈ ನಂಬಿಕೆ ಅಲುಗಾಡಿತು. ಆದರೂ ಶಾಸ್ತ್ರದ ಒಳಗೆ ಬದಲಾವಣೆ ನಿಧಾನವಾಗಿಯೇ ಬಂತು. 2006ರಷ್ಟು ಈಚೆಗೆ ಕೂಡ ಕೆನೆತ್ ವಾಲ್ಡ್ ಮತ್ತು ಕ್ಲೈಡ್ ವಿಲ್ಕಾಕ್ಸ್ ಎಂಬ ರಾಜ್ಯಶಾಸ್ತ್ರಜ್ಞರು, ತಮ್ಮ ಶಾಸ್ತ್ರ ಧರ್ಮವನ್ನು ನಿಜವಾಗಿ ಮರಳಿ ಕಂಡುಕೊಂಡಿದೆಯೇ ಎಂದು ಅದರ ಅತ್ಯಂತ ಪ್ರತಿಷ್ಠಿತ ಪತ್ರಿಕೆಯಲ್ಲೇ ಪ್ರಶ್ನಿಸಬೇಕಾಗಿತ್ತು.

ಎರಡನೆಯ ಕಾರಣ ಇನ್ನೂ ನೇರವಾದದ್ದು. ಅಮೆರಿಕದ ಜನಗಣತಿ ಇಲಾಖೆ 1906, 1916, 1926 ಮತ್ತು 1936ರಲ್ಲಿ ಧಾರ್ಮಿಕ ಸಂಸ್ಥೆಗಳ ಪ್ರತ್ಯೇಕ ಗಣತಿ ನಡೆಸಿತ್ತು. 1946ರ ಗಣತಿ ಹಣವಿಲ್ಲದೆ ಅರ್ಧಕ್ಕೆ ನಿಂತಿತು, ಮತ್ತೆ ಶುರುವಾಗಲಿಲ್ಲ. ಧಾರ್ಮಿಕ ನಂಬಿಕೆಯನ್ನು ತಿಳಿಸುವಂತೆ ಯಾರನ್ನೂ ಒತ್ತಾಯಿಸಬಾರದೆಂದು 1976ರಲ್ಲಿ ಕಾಯಿದೆಯೇ ಬಂದಿತು. ಹೀಗೆ ಸರ್ಕಾರ ಕೈಬಿಟ್ಟ ಜಾಗವನ್ನು ಸಮೀಕ್ಷೆಗಳೂ ಪಂಗಡಗಳ ಸ್ವಂತ ಲೆಕ್ಕಗಳೂ ತುಂಬಬೇಕಾಯಿತು. ಅವು ಒಂದೊಂದು ಒಂದೊಂದು ಕಡೆ, ಒಂದೊಂದು ರೂಪದಲ್ಲಿ ಚೆದುರಿಹೋಗಿದ್ದವು. ಆರ್ಡಾ ಮಾಡಿದ ಮೊದಲ ಉಪಕಾರವೆಂದರೆ ಅವನ್ನು ಒಂದೇ ಸೂರಿನಡಿ ತಂದು, ಪ್ರತಿಯೊಂದಕ್ಕೂ ಒಂದೇ ಬಗೆಯ ಮುಖಪುಟವನ್ನು ಕೊಟ್ಟದ್ದು.

ಒಂದು ಕಡತವನ್ನು ತೆರೆದರೆ ಏನು ಸಿಗುತ್ತದೆ ಎಂಬುದನ್ನು ಹೇಳಬೇಕು. ಸಮೀಕ್ಷೆಯನ್ನು ಯಾರು ನಡೆಸಿದರು, ಯಾವಾಗ, ಎಷ್ಟು ಜನರನ್ನು ಹೇಗೆ ಆಯ್ದುಕೊಂಡರು, ಹಣ ಎಲ್ಲಿಂದ ಬಂತು ಎಂಬ ವಿವರ ಮೊದಲು ಬರುತ್ತದೆ. ಅದರ ಕೆಳಗೆ ಕೋಡ್‌ಬುಕ್ ಇರುತ್ತದೆ. ಉತ್ತರ ಕೊಟ್ಟವರಿಗೆ ಓದಿ ಹೇಳಿದ ಪ್ರಶ್ನೆಯ ಪೂರ್ಣ ಪಾಠ, ಪ್ರತಿ ಉತ್ತರಕ್ಕೆ ಕೊಟ್ಟ ಅಂಕೆ, ಆ ಉತ್ತರವನ್ನು ಎಷ್ಟು ಮಂದಿ ಆರಿಸಿದರು ಎಂಬ ಎಣಿಕೆ ಇವೆಲ್ಲ ಒಂದೇ ನೋಟಕ್ಕೆ ಕಾಣುತ್ತವೆ. ಕಡತವನ್ನು ಸಂಖ್ಯಾಶಾಸ್ತ್ರದ ಸಾಮಾನ್ಯ ತಂತ್ರಾಂಶಗಳಿಗೆ ಒಗ್ಗುವ ರೂಪಗಳಲ್ಲಿ ಇಳಿಸಿಕೊಳ್ಳಬಹುದು. ಇಳಿಸಿಕೊಳ್ಳುವ ಮೊದಲೇ, ತಾಣದಲ್ಲಿಯೇ, ಒಂದು ಪ್ರಶ್ನೆಯ ಉತ್ತರಗಳು ವಯಸ್ಸು, ಲಿಂಗ, ಪಂಗಡದ ಪ್ರಕಾರ ಹೇಗೆ ಹಂಚಿಹೋಗಿವೆ ಎಂದು ನೋಡಬಹುದು.

ಇಷ್ಟು ವರ್ಷಗಳ ಬಳಕೆಯಿಂದ ನನಗೆ ಖಚಿತವಾಗಿರುವುದು ಒಂದೇ. ಈ ಭಂಡಾರದ ನಿಜವಾದ ಬೆಲೆ ಅದರ ಅಂಕಿಗಳಲ್ಲಿಲ್ಲ, ಆ ಕೋಡ್‌ಬುಕ್‌ಗಳಲ್ಲಿದೆ. ಇದನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ, ಏಕೆಂದರೆ ನಾನು ಈ ಪಾಠವನ್ನು ಕಲಿತದ್ದು ತಪ್ಪು ಮಾಡಿಯೇ.

ಬೈಬಲ್ ಬಗ್ಗೆ ಜನರ ನಿಲುವು ಅಮೆರಿಕದ ಧರ್ಮ-ರಾಜಕಾರಣದ ಅಧ್ಯಯನದಲ್ಲಿ ಬಹಳ ಬಳಕೆಯಾಗುವ ಅಳತೆಗೋಲು. ‘ಜನರಲ್ ಸೋಷಿಯಲ್ ಸರ್ವೆ’ ಎಂಬ, 1972ರಿಂದ ನಡೆಯುತ್ತಿರುವ ಸಮೀಕ್ಷೆಯೂ, ‘ಅಮೆರಿಕನ್ ನ್ಯಾಷನಲ್ ಎಲೆಕ್ಷನ್ ಸ್ಟಡೀಸ್’ ಎಂಬ, 1948ರಿಂದ ಬಂದಿರುವ ಚುನಾವಣಾ ಸಮೀಕ್ಷೆಯೂ ಈ ಪ್ರಶ್ನೆಯನ್ನು ಕೇಳುತ್ತವೆ, ಎರಡೂ ಮೂರು ಆಯ್ಕೆಗಳನ್ನು ಕೊಡುತ್ತವೆ. ಮೊದಲ ಆಯ್ಕೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ: ಬೈಬಲ್ ದೇವರ ನುಡಿ, ಅದನ್ನು ಅಕ್ಷರಶಃ ಸ್ವೀಕರಿಸಬೇಕು. ಎರಡನೆಯದರಲ್ಲಿ ದಾರಿ ಕವಲೊಡೆಯುತ್ತದೆ. ಸಾಮಾಜಿಕ ಸಮೀಕ್ಷೆ ಅದನ್ನು ದೇವರ ಪ್ರೇರಣೆಯಿಂದ ಬಂದ ನುಡಿ ಎನ್ನುತ್ತದೆ. ಚುನಾವಣಾ ಸಮೀಕ್ಷೆ ದೇವರ ನುಡಿಯೇ ಎನ್ನುತ್ತದೆ, ಎಲ್ಲವನ್ನೂ ಅಕ್ಷರಶಃ ತೆಗೆದುಕೊಳ್ಳಬೇಕಿಲ್ಲ ಎಂದಷ್ಟೇ ಸೇರಿಸುತ್ತದೆ. ಮೂರನೆಯದರಲ್ಲಿ ಅಂತರ ಇನ್ನೂ ದೊಡ್ಡದು. ಒಂದು ಕಡೆ ಬೈಬಲ್ ಎಂದರೆ ಮನುಷ್ಯರು ದಾಖಲಿಸಿದ ಕಟ್ಟುಕಥೆ, ಐತಿಹ್ಯ, ಇತಿಹಾಸ ಮತ್ತು ನೀತಿಬೋಧೆಗಳ ಪ್ರಾಚೀನ ಗ್ರಂಥ, ಇನ್ನೊಂದು ಕಡೆ ಅದು ಮನುಷ್ಯರು ಬರೆದ ಪುಸ್ತಕ, ದೇವರ ನುಡಿಯಲ್ಲ.

ಕಟ್ಟುಕಥೆ ಎಂಬ ಪದವನ್ನು ಕೇಳಿಸಿಕೊಂಡ ಭಕ್ತನಲ್ಲದ ವ್ಯಕ್ತಿಯೂ ಅದನ್ನು ಒಪ್ಪಲು ಒಂದು ಕ್ಷಣ ಹಿಂಜರಿಯಬಹುದು, ಅದರಲ್ಲಿಯೇ ಇರುವ ‘ನೀತಿಬೋಧೆ’ ಎಂಬ ಮಾತು ಮತ್ತೊಬ್ಬನನ್ನು ಅದರ ಕಡೆಗೆ ಸೆಳೆಯಲೂಬಹುದು. ‘ದೇವರ ನುಡಿಯಲ್ಲ’ ಎಂಬ ನೇರ ನಿರಾಕರಣೆ ಬೇರೆಯೇ ಬಗೆಯ ಧೈರ್ಯವನ್ನು ಕೇಳುತ್ತದೆ. ನನ್ನ ಮೊದಲ ಪ್ರಬಂಧವೊಂದರಲ್ಲಿ ನಾನು ಈ ಎರಡನ್ನೂ ಒಂದೇ ಪ್ರಶ್ನೆಯೆಂದು ಭಾವಿಸಿ, ಎರಡು ಸಮೀಕ್ಷೆಗಳ ಉತ್ತರಗಳನ್ನು ಒಂದೇ ಸಾಲಿನಲ್ಲಿ ಕೂಡಿಸಿ, ಎರಡರ ನಡುವಿನ ವ್ಯತ್ಯಾಸವನ್ನು ಜನರ ಅಭಿಪ್ರಾಯದ ಬದಲಾವಣೆ ಎಂದು ಬರೆದಿದ್ದೆ. ಪರಿಶೀಲಕರೊಬ್ಬರು ಒಂದೇ ಸಾಲಿನಲ್ಲಿ ‘ಪ್ರಶ್ನೆಯ ಪಾಠ ನೋಡಿದ್ದೀರಾ?’ ಎಂದು ಕೇಳಿದರು. ಆರ್ಡಾದ ಎರಡು ಪುಟಗಳನ್ನು ಅಕ್ಕಪಕ್ಕ ತೆರೆದಿಟ್ಟು ಓದಿದ ಆ ಸಂಜೆ, ನಾನು ಎರಡು ತಿಂಗಳು ದುಡಿದು ಬರೆದ ಭಾಗವನ್ನು ತೆಗೆದುಹಾಕಿದೆ. ನನ್ನ ವೃತ್ತಿಯಲ್ಲಿ ನಾನು ಓದಿದ ಅತ್ಯಂತ ಉಪಯುಕ್ತವಾದ ಎರಡು ಪುಟಗಳು ಅವು.

ಈಗ ಇದೇ ಕೆಲಸಕ್ಕೆ ‘ಮೆಷರ್‌ಮೆಂಟ್ ವಿಜಾರ್ಡ್’ ಎಂಬ ಸಲಕರಣೆಯೇ ತಾಣದಲ್ಲಿದೆ. ಪ್ರಾರ್ಥನೆ, ಹಾಜರಾತಿ, ದೇವರ ಕಲ್ಪನೆ ಎಂಬಂಥ ಒಂದು ಪರಿಕಲ್ಪನೆಯನ್ನು ಆರಿಸಿಕೊಂಡರೆ, ಬೇರೆ ಬೇರೆ ಸಮೀಕ್ಷೆಗಳು ಅದನ್ನು ಯಾವ ಮಾತುಗಳಲ್ಲಿ ಕೇಳಿವೆ ಎಂಬುದನ್ನು ಅದು ಸಾಲಾಗಿ ತೋರಿಸುತ್ತದೆ. ಹೊಸದಾಗಿ ಪಿಎಚ್.ಡಿ.ಗೆ ಸೇರಿದವರು ತಮ್ಮ ಪ್ರಶ್ನಾವಳಿಯನ್ನು ಬರೆಯುವ ಮೊದಲು ಇಲ್ಲಿ ಒಂದು ವಾರ ಕಳೆಯಬೇಕೆಂಬುದು ನನ್ನ ದೃಢವಾದ ಸಲಹೆ. ಆಗಲೇ ಪರೀಕ್ಷೆಗೊಳಗಾದ ಪ್ರಶ್ನೆಯನ್ನು ಬಿಟ್ಟು ಹೊಸದನ್ನು ಹೊಸೆದರೆ, ಹಿಂದಿನ ಯಾವ ಅಧ್ಯಯನದ ಜೊತೆಗೂ ಅದನ್ನು ಹೋಲಿಸಲಾಗದ ಸ್ಥಿತಿ ಬರುತ್ತದೆ.

ಹಾಜರಾತಿಯ ವಿಷಯವನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ಸಾಮಾಜಿಕ ಸಮೀಕ್ಷೆಯಲ್ಲಿ ಧಾರ್ಮಿಕ ಆರಾಧನೆಗೆ ಎಷ್ಟು ಸಲ ಹೋಗುತ್ತೀರಿ ಎಂಬ ಪ್ರಶ್ನೆಯ ಉತ್ತರ 0ಯಿಂದ 8ರವರೆಗಿನ ಅಂಕಗಳಲ್ಲಿದೆ. ಎಂದೂ ಇಲ್ಲ ಎಂದರೆ 0, ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಎಂದರೆ 8. ಮತದಾನ, ಪಕ್ಷನಿಷ್ಠೆ, ಗರ್ಭಪಾತದ ಬಗೆಗಿನ ನಿಲುವು ಇವೆಲ್ಲವನ್ನೂ ಈ ಒಂಬತ್ತು ಮೆಟ್ಟಿಲುಗಳಿಗೆ ಹೊಂದಿಸಿ ಬರೆದ ಪ್ರಬಂಧಗಳಿಗೆ ಲೆಕ್ಕವಿಲ್ಲ. ಆದರೆ ಕರ್ಕ್ ಹ್ಯಾಡವೇ, ಪೆನಿ ಮಾರ್ಲರ್ ಮತ್ತು ಮಾರ್ಕ್ ಚೇವ್ಸ್ 1993ರಲ್ಲಿ ಚರ್ಚುಗಳಲ್ಲಿ ನಿಜವಾಗಿ ಕುಳಿತವರ ಎಣಿಕೆಯನ್ನು ಸಮೀಕ್ಷೆಯ ಉತ್ತರಗಳ ಜೊತೆ ಇಟ್ಟು ನೋಡಿದಾಗ, ಜನರು ಹೇಳಿಕೊಂಡ ಹಾಜರಾತಿಯ ಸುಮಾರು ಅರ್ಧದಷ್ಟು ಮಾತ್ರ ವಾಸ್ತವವೆಂದು ಕಂಡುಬಂತು. ಹಾಗಾದರೆ ನಾವು ಅಳೆಯುತ್ತಿರುವುದು ಚರ್ಚಿಗೆ ಹೋಗುವುದನ್ನೋ, ಚರ್ಚಿಗೆ ಹೋಗುವವನೆಂದು ತನ್ನನ್ನು ಗುರುತಿಸಿಕೊಳ್ಳುವುದನ್ನೋ? ರಾಜಕೀಯ ನಡವಳಿಕೆಯನ್ನು ವಿವರಿಸಲು ಎರಡನೆಯದೇ ಹೆಚ್ಚು ಮುಖ್ಯವಿರಬಹುದೆಂದು ನನಗೆ ಅನ್ನಿಸುತ್ತದೆ. ಏನೇ ಇದ್ದರೂ ಯಾವುದನ್ನು ಅಳೆಯುತ್ತಿದ್ದೇವೆ ಎಂಬ ಅರಿವು ಸಂಶೋಧಕನಿಗೆ ಇರಲೇಬೇಕು, ಆ ಅರಿವು ಅಂಕಿಗಳ ಪಟ್ಟಿಯಿಂದ ಬರುವುದಿಲ್ಲ.

ಜಿಲ್ಲೆಯ ಮಟ್ಟದಲ್ಲಿ, ಅಂದರೆ ಅಮೆರಿಕದ ಕೌಂಟಿಗಳ ಮಟ್ಟದಲ್ಲಿ ಕೆಲಸ ಮಾಡುವವರಿಗೆ ಇಲ್ಲಿ ದೊಡ್ಡ ನಿಧಿಯೇ ಇದೆ. ಪಂಗಡಗಳು ತಾವೇ ಒದಗಿಸಿದ ಲೆಕ್ಕಗಳಿಂದ ಕಟ್ಟಿದ ಸದಸ್ಯರ ಗಣತಿ 1952, 1971, 1980ರಿಂದ ಮೊದಲುಗೊಂಡು ಹತ್ತು ವರ್ಷಕ್ಕೊಮ್ಮೆ 2020ರವರೆಗೆ ಸಿಗುತ್ತದೆ. ಚುನಾವಣಾ ಫಲಿತಾಂಶವೂ ಕೌಂಟಿಯ ಲೆಕ್ಕದಲ್ಲೇ ಸಿಗುವುದರಿಂದ ಎರಡನ್ನೂ ಜೋಡಿಸುವುದು ಸುಲಭ. ಇಲ್ಲಿಯೂ ಎಚ್ಚರ ಬೇಕು. 2010ರ ಗಣತಿಯಲ್ಲಿ 236 ಪಂಗಡಗಳಿದ್ದವು, 2020ರದರಲ್ಲಿ 372. ಅಮೆರಿಕನ್ನರು ಹತ್ತು ವರ್ಷಗಳಲ್ಲಿ ಅಷ್ಟು ಹೊಸ ಪಂಗಡಗಳನ್ನು ಕಟ್ಟಿಕೊಂಡರೆಂದು ಇದರಿಂದ ತೀರ್ಮಾನಿಸಬಾರದು, ಎಣಿಕೆಯ ಬಲೆ ಅಗಲವಾಗಿದೆ ಎಂದು ಓದಬೇಕು. ಅದಕ್ಕಿಂತ ಗಂಭೀರವಾದದ್ದು 2000ದ ಕಡತದ ಸಂಗತಿ. ಕರಿಯರ ಐತಿಹಾಸಿಕ ಪಂಗಡಗಳಲ್ಲಿ ದೊಡ್ಡವು ಹಲವು ಆ ಗಣತಿಯಲ್ಲಿ ಭಾಗವಹಿಸಿರಲಿಲ್ಲ. ದಕ್ಷಿಣದ ರಾಜ್ಯವೊಂದರ ಕೌಂಟಿಗಳನ್ನು ತೆಗೆದುಕೊಂಡು, ಚರ್ಚ್ ಸದಸ್ಯತ್ವ ಹೆಚ್ಚಿದ್ದಲ್ಲಿ ಯಾವ ಪಕ್ಷಕ್ಕೆ ಮತ ಹೆಚ್ಚು ಎಂದು ಕೇಳುವವನು ಇದನ್ನು ಗಮನಿಸದಿದ್ದರೆ, ಕರಿಯರ ಚರ್ಚುಗಳ ರಾಜಕೀಯ ಶಕ್ತಿ ಅವನ ಲೆಕ್ಕದಿಂದ ಪೂರ್ತಿ ಮಾಯವಾಗುತ್ತದೆ. ಈ ಕೊರತೆಯನ್ನು ಸರಿದೂಗಿಸಿದ ಅಂದಾಜುಗಳನ್ನು ಫಿಂಕಿ ಮತ್ತು ಕ್ರಿಸ್ಟೋಫರ್ ಷೈಟ್ಲ್ ಆಮೇಲೆ ಸಿದ್ಧಪಡಿಸಿದರು. ಅವನ್ನೇ ಬಳಸಬೇಕು.

ಒಂದು ದೀರ್ಘ ವಾದ ಹೇಗೆ ದತ್ತಾಂಶದಿಂದ ಹುಟ್ಟುತ್ತದೆ ಎಂಬುದನ್ನು ನಾನು ತರಗತಿಯಲ್ಲಿ ತೋರಿಸುವುದು ‘ಯಾವ ಧರ್ಮವೂ ಇಲ್ಲ’ ಎನ್ನುವವರ ಏರಿಕೆಯಿಂದ. ಸಾಮಾಜಿಕ ಸಮೀಕ್ಷೆಯ ಪ್ರಕಾರ ಇಂಥವರ ಪ್ರಮಾಣ 1990ರ ದಶಕ ಒಂದರಲ್ಲೇ ಶೇ. 7ರಿಂದ ಶೇ. 14ಕ್ಕೆ ಏರಿತು. ನಂಬಿಕೆಯೇ ಕುಸಿಯಿತೆಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಮೈಕೆಲ್ ಹೌಟ್ ಮತ್ತು ಕ್ಲಾಡ್ ಫಿಷರ್ 2002ರಲ್ಲಿ ಅದೇ ಅಂಕಿಗಳನ್ನು ಬಿಡಿಸಿ ನೋಡಿದಾಗ, ಏರಿಕೆ ಮುಖ್ಯವಾಗಿ ಉದಾರವಾದಿಗಳಲ್ಲಿ ಮತ್ತು ಮಧ್ಯಮಮಾರ್ಗಿಗಳಲ್ಲಿ ಕಂಡಿತು, ಸಂಪ್ರದಾಯವಾದಿಗಳಲ್ಲಿ ಕಾಣಲಿಲ್ಲ. ಹೀಗೆ ಹೊರಗೆ ಬಂದವರಲ್ಲಿ ಅನೇಕರು ದೇವರನ್ನು ನಂಬುತ್ತಲೇ ಇದ್ದರು. ಧಾರ್ಮಿಕ ಬಲಪಂಥದ ರಾಜಕಾರಣ ಒಪ್ಪಿಗೆಯಾಗದೆ ಧರ್ಮದ ಗುರುತನ್ನೇ ಕಳಚಿಟ್ಟವರು ಅವರಲ್ಲಿದ್ದರು ಎಂಬುದು ಹೌಟ್ ಮತ್ತು ಫಿಷರ್ ಅವರ ವಾದ. ಧರ್ಮ ರಾಜಕಾರಣವನ್ನು ರೂಪಿಸುತ್ತದೆ ಎಂದು ನಂಬಿ ಬಂದ ವಿದ್ಯಾರ್ಥಿಗೆ, ರಾಜಕಾರಣವೂ ಧರ್ಮವನ್ನು ರೂಪಿಸಬಲ್ಲದು ಎಂದು ಕಾಣುವ ಘಳಿಗೆ ಇದು. ಮೂಲ ಕಡತ ಎಲ್ಲರಿಗೂ ಸಿಗುವುದರಿಂದ ವಿದ್ಯಾರ್ಥಿಗಳು ನನ್ನ ಮಾತನ್ನು ನಂಬಬೇಕಾಗಿಲ್ಲ, ತಾವೇ ಪಟ್ಟಿ ಹಾಕಿ ನೋಡುತ್ತಾರೆ. ಸಾಲನ್ನು ಈಚಿನ ವರ್ಷಗಳಿಗೆ ಮುಂದುವರಿಸುವವರು ಮಾತ್ರ 2021ರಲ್ಲಿ ನಿಂತು ಯೋಚಿಸಬೇಕು. ಸಾಂಕ್ರಾಮಿಕದಿಂದಾಗಿ ಆ ಸಲ ಮುಖಾಮುಖಿ ಸಂದರ್ಶನದ ಬದಲು ಹೆಚ್ಚಿನ ಉತ್ತರಗಳನ್ನು ಅಂತರ್ಜಾಲದ ಮೂಲಕ ಪಡೆದರು. ಎದುರಿಗೆ ಕುಳಿತವರಿಗೆ ಕೊಡುವ ಉತ್ತರವನ್ನೇ ಜನ ಪರದೆಗೆ ಕೊಡುತ್ತಾರೆಂಬ ಭರವಸೆಯಿಲ್ಲ, ಧರ್ಮದ ವಿಷಯದಲ್ಲಂತೂ ಇಲ್ಲ.

ದೇಶಗಳನ್ನು ಹೋಲಿಸುವ ರಾಜ್ಯಶಾಸ್ತ್ರಜ್ಞರಿಗೆ ಆರ್ಡಾ ಬೇರೊಂದು ಕಾರಣಕ್ಕೆ ಬೇಕು. ಇಸ್ರೇಲಿನ ಬಾರ್-ಇಲಾನ್ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರಜ್ಞ ಜೊನಾಥನ್ ಫಾಕ್ಸ್ ಕಟ್ಟಿದ ‘ರಿಲಿಜನ್ ಆ್ಯಂಡ್ ಸ್ಟೇಟ್’ ದತ್ತಾಂಶ ಇಲ್ಲಿ ಸಿಗುತ್ತದೆ. ಒಬ್ಬ ವಿದ್ವಾಂಸನ ವೃತ್ತಿಜೀವನ ಒಂದು ದತ್ತಾಂಶದ ಜೊತೆಗೇ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಮೊದಲ ಸುತ್ತು 175 ದೇಶಗಳನ್ನು 1990ರಿಂದ 2002ರವರೆಗೆ ನೋಡಿತು, ಎರಡನೆಯದು 177ನ್ನು 2008ರವರೆಗೆ, ಮೂರನೆಯದು 183ನ್ನು 2014ರವರೆಗೆ. ಮೂರನೆಯ ಸುತ್ತಿನಲ್ಲಿ ಸರ್ಕಾರ ಧರ್ಮಕ್ಕೆ ಕೊಡುವ ಬೆಂಬಲವನ್ನು 52 ಬಗೆಗಳಲ್ಲಿ, ಬಹುಸಂಖ್ಯಾತರ ಧರ್ಮದ ಮೇಲಿನ ನಿಯಂತ್ರಣವನ್ನು 29 ಬಗೆಗಳಲ್ಲಿ, ಅಲ್ಪಸಂಖ್ಯಾತರ ಧಾರ್ಮಿಕ ಆಚರಣೆಗಳ ಮೇಲಿನ ತಾರತಮ್ಯವನ್ನು 36 ಬಗೆಗಳಲ್ಲಿ ವರ್ಷವರ್ಷಕ್ಕೂ ಗುರುತಿಸಲಾಗಿದೆ. ಧರ್ಮ ಮತ್ತು ಪ್ರಭುತ್ವದ ಪೂರ್ಣ ಬೇರ್ಪಡೆ ಪ್ರಜಾಪ್ರಭುತ್ವಗಳಲ್ಲಿಯೂ ಅಪವಾದವೇ ಹೊರತು ವಾಡಿಕೆಯಲ್ಲ ಎಂಬ ಫಾಕ್ಸ್ ಅವರ ಮಾತು ಈ ಸಣ್ಣ ಸಣ್ಣ ಗುರುತುಗಳ ರಾಶಿಯ ಮೇಲೆ ನಿಂತಿದೆ. ಬೆಂಬಲ, ನಿಯಂತ್ರಣ, ತಾರತಮ್ಯ ಈ ಮೂರನ್ನು ಬೇರೆ ಬೇರೆಯಾಗಿ ಇಟ್ಟಿರುವುದೇ ಅದರ ದೊಡ್ಡ ಗುಣ. ಒಂದು ಧರ್ಮಕ್ಕೆ ಹಣ ಕೊಡುವ ಸರ್ಕಾರ ಅದೇ ಧರ್ಮದ ಪ್ರವಚನಗಳನ್ನೂ ಹತೋಟಿಯಲ್ಲಿಡುವುದುಂಟು, ಒಂದೇ ಸೂಚ್ಯಂಕದಲ್ಲಿ ಇವೆರಡನ್ನೂ ಕಲಸಿಬಿಟ್ಟರೆ ಅದು ಕಾಣುವುದಿಲ್ಲ.

ಬ್ರಯನ್ ಗ್ರಿಮ್ ಮತ್ತು ಫಿಂಕಿ 2006ರಲ್ಲಿ ಪ್ರಕಟಿಸಿದ, ಅಮೆರಿಕದ ವಿದೇಶಾಂಗ ಇಲಾಖೆಯ ಧಾರ್ಮಿಕ ಸ್ವಾತಂತ್ರ್ಯ ವರದಿಗಳನ್ನು ಓದಿ ಕಟ್ಟಿದ ಸೂಚ್ಯಂಕಗಳೂ ಇಲ್ಲಿವೆ. ಸರ್ಕಾರದ ನಿರ್ಬಂಧದ ಜೊತೆಗೆ ಸಮಾಜದ ನಿರ್ಬಂಧವನ್ನೂ ಅವು ಅಳೆಯುತ್ತವೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ಆಮೇಲೆ 198 ದೇಶ ಮತ್ತು ಪ್ರದೇಶಗಳಿಗೆ ಪ್ರಕಟಿಸುತ್ತ ಬಂದ ವಾರ್ಷಿಕ ಸೂಚ್ಯಂಕಗಳು ಇದೇ ದಾರಿಯಲ್ಲಿ ಬೆಳೆದವು. ಒಂದು ಮಿತಿಯನ್ನು ಇಲ್ಲಿ ಹೇಳಲೇಬೇಕು. ಮೂಲ ವರದಿಗಳನ್ನು ಬರೆದದ್ದು ಒಂದು ದೇಶದ ರಾಯಭಾರ ಕಚೇರಿಗಳು. ಮಾಹಿತಿ ಹೊರಬರದಂತೆ ಬಾಗಿಲು ಮುಚ್ಚಿಕೊಂಡ ದೇಶದಲ್ಲಿ ಹಿಂಸೆಯ ವರದಿಗಳು ಕಡಿಮೆ ಇರಬಹುದು, ಪತ್ರಿಕೆಗಳು ಸ್ವತಂತ್ರವಾಗಿರುವ ದೇಶದಲ್ಲಿ ಪ್ರತಿ ಘಟನೆಯೂ ದಾಖಲಾಗಬಹುದು. ಅಂಕ ಕಡಿಮೆಯಿದೆ ಎಂದಮಾತ್ರಕ್ಕೆ ಅಲ್ಲಿ ನೆಮ್ಮದಿಯಿದೆ ಎನ್ನುವಂತಿಲ್ಲ.

ಸೇವೆಯ ಕೊರತೆಗಳ ಬಗ್ಗೆ ಹೆಚ್ಚು ಬೆಳೆಸಬೇಕಿಲ್ಲ. ಸಂಗ್ರಹದ ಭಾರ ಇಂದಿಗೂ ಅಮೆರಿಕದ ಕಡೆಗೆ, ಅದರಲ್ಲೂ ಕ್ರೈಸ್ತ ಧರ್ಮದ ಕಡೆಗೆ ವಾಲಿದೆ. ಸದಸ್ಯತ್ವ, ವಾರದ ಹಾಜರಾತಿ, ಒಂದೇ ಪವಿತ್ರ ಗ್ರಂಥ ಎಂಬ ಅಳತೆಗಳು ಹುಟ್ಟಿದ್ದೇ ಆ ನೆಲದಲ್ಲಿ. ಇವು ಹೊಂದದ ಧಾರ್ಮಿಕ ಪರಂಪರೆಗಳನ್ನು ಅಧ್ಯಯನ ಮಾಡುವವರು ಪ್ರಶ್ನೆಗಳನ್ನು ಹಾಗೆಯೇ ಎತ್ತಿಕೊಳ್ಳಬಾರದು. ಪ್ರತಿ ದೇಶದ ಸಂಕ್ಷಿಪ್ತ ಪರಿಚಯ ಕೊಡುವ ಪುಟಗಳು ಪತ್ರಕರ್ತರಿಗೆ ಅನುಕೂಲ. ಸಂಶೋಧಕರು ಮಾತ್ರ ಅಲ್ಲಿಗೆ ನಿಲ್ಲದೆ ಮೂಲ ಕಡತದ ವರ್ಷವನ್ನು ನೋಡಿಯೇ ಬಳಸಬೇಕು, ಏಕೆಂದರೆ ಒಂದೇ ಪುಟದಲ್ಲಿ ಬೇರೆ ಬೇರೆ ಕಾಲದ ಅಂಕಿಗಳು ಅಕ್ಕಪಕ್ಕ ಕುಳಿತಿರುತ್ತವೆ. ತೂಕಾಂಕಗಳ, ಅಂದರೆ ಸಮೀಕ್ಷೆಗೆ ಸಿಕ್ಕವರ ಉತ್ತರಗಳನ್ನು ಇಡೀ ಜನಸಂಖ್ಯೆಗೆ ಹೊಂದಿಸಲು ಕೊಡುವ ತೂಕಗಳ, ಬಳಕೆ ತಿಳಿಯದವರು ಯಾರಾದರೂ ಬಲ್ಲವರ ನೆರವು ಪಡೆದೇ ಮುಂದುವರಿಯುವುದು ಒಳ್ಳೆಯದು.

ಈ ಭಂಡಾರ ಕಡತಗಳನ್ನು ಕೊಡುವುದರ ಜೊತೆಗೆ ಸಂಶೋಧಕರಿಂದ ಸ್ವೀಕರಿಸುತ್ತದೆ ಕೂಡ. ಕೆಲವು ವರ್ಷಗಳ ಹಿಂದೆ ನಾನು ನಡೆಸಿದ ಸಣ್ಣ ಸಮೀಕ್ಷೆಯೊಂದು ನನ್ನ ಕಂಪ್ಯೂಟರಿನಲ್ಲಿಯೇ ಉಳಿದಿತ್ತು. ಕಳೆದ ತಿಂಗಳಿಂದ ಅದನ್ನು ಕಳುಹಿಸುವ ಸಿದ್ಧತೆ ಮಾಡುತ್ತಿದ್ದೇನೆ. ಅಂಕಿಗಳನ್ನು ಹೊಂದಿಸಲು ಎರಡು ದಿನ ಸಾಕಾಯಿತು. ಕೋಡ್‌ಬುಕ್ ಮಾತ್ರ ಇನ್ನೂ ಮುಗಿದಿಲ್ಲ. ಈಗ 14ನೆಯ ಪ್ರಶ್ನೆಯಲ್ಲಿದ್ದೇನೆ. ಮುದ್ರಿತ ಪ್ರಶ್ನಾವಳಿಯಲ್ಲಿ ಒಂದು ಪದವಿದೆ, ಸಂದರ್ಶಕರು ಕ್ಷೇತ್ರದಲ್ಲಿ ಅದರ ಬದಲು ಇನ್ನೊಂದು ಪದವನ್ನು ಬಳಸಿದ್ದರೆಂದು ಅವರ ಟಿಪ್ಪಣಿಗಳಲ್ಲಿ ಕಂಡಿದೆ. ಎಷ್ಟು ಮಂದಿಗೆ ಯಾವ ಪದದಲ್ಲಿ ಕೇಳಿದರೆಂದು ಒಂದೊಂದೇ ಹಾಳೆ ತಿರುವಿ ಬರೆದುಕೊಳ್ಳುತ್ತಿದ್ದೇನೆ.